ಗೇಣುದ್ದದ ಶಿಷ್ಯರು

ಬೆಂಗಳೂರಿನಲ್ಲಿ ನಾಯಿ ಸಾಕಲು ಹೊರಟವರ ಬೇಡಿಕೆಪಟ್ಟಿ ಕೇಳಿಸಿಕೊಳ್ಳುವುದೇ ಒಂದು ಮೋಜು. ಗಾತ್ರ ಚಿಕ್ಕದಿರಬೇಕು, ಲಿಫ್ಟಿನಲ್ಲಿ ಜಾಗ ಹಿಡಿಯಬಾರದು. ಕೂದಲು ಉದುರಿಸಬಾರದು. ಬೊಗಳಬಾರದು, ಆದರೆ ಕಳ್ಳ ಬಂದರೆ ಮಾತ್ರ ಬೊಗಳಬೇಕು. ಹಗಲೆಲ್ಲ ಒಂಟಿಯಾಗಿ ತೆಪ್ಪಗಿರಬೇಕು, ಸಂಜೆ ನಾವು ಬಾಗಿಲು ತೆಗೆದ ಕೂಡಲೇ ಕುಣಿದಾಡಬೇಕು. ಮಕ್ಕಳು ಕಿವಿ ಎಳೆದರೂ ಸಹಿಸಿಕೊಳ್ಳಬೇಕು. ಕೊನೆಯದಾಗಿ, ಹೇಳಿಕೊಟ್ಟದ್ದನ್ನು ಥಟ್ಟನೆ ಕಲಿಯಬೇಕು. ಪತ್ರಿಕೆಯ ವರಾನ್ವೇಷಣೆ ಪುಟವನ್ನು ಓದಿದ ಹಾಗಾಗುತ್ತದೆ. ಆ ಕಡೆಯಿಂದ ನಾಯಿಯದೂ ಒಂದು ಪಟ್ಟಿ ಇದ್ದೀತೆಂದು ಯಾರಿಗೂ ಹೊಳೆಯುವುದಿಲ್ಲ.

ನಾನು ಪಶುವೈದ್ಯೆಯಲ್ಲ, ನಾಯಿಗೆ ಪಾಠ ಹೇಳಿ ಹೊಟ್ಟೆ ಹೊರೆಯುವವಳೂ ಅಲ್ಲ. ನಾಯಿಗಳಿರುವ ಮನೆಗೆ ಕಾಫಿಗೆ ಹೋಗಿ, ಮನೆಯವರಿಗಿಂತ ಹೆಚ್ಚು ಹೊತ್ತು ನಾಯಿಯ ಜೊತೆ ಮಾತಾಡಿ ಬರುವವಳು. ಆ ಅರ್ಹತೆಯ ಮೇಲೆ ಹೇಳುವುದಾದರೆ, 'ಸುಲಭವಾಗಿ ಕಲಿಯುವ ಚಿಕ್ಕ ನಾಯಿ ಯಾವುದು?' ಎಂದು ಕೇಳುವವರ ಮನಸ್ಸಿನಲ್ಲಿರುವುದು ಏನೂ ಕಲಿಸದೆಯೇ ಎಲ್ಲವನ್ನೂ ಕಲಿತು ಬಂದ ನಾಯಿ. ಅಂಥದ್ದು ಇನ್ನೂ ಹುಟ್ಟಿಲ್ಲ. ಬೇಗ ಕಲಿಯುವವು ಮಾತ್ರ ಇವೆ. ಅವು ನಾವು ಕೂರಿಸಿಕೊಂಡು ಕಲಿಸಿದ್ದನ್ನು ಬೇಗ ಕಲಿಯುತ್ತವೆ; ನಮಗೇ ಗೊತ್ತಿಲ್ಲದೆ ಕಲಿಸಿದ್ದನ್ನು ಇನ್ನೂ ಬೇಗ ಕಲಿಯುತ್ತವೆ.

ಬೇಗ ಕಲಿಯುವವು ಯಾವುವು ಎಂಬುದಕ್ಕೆ ಒಂದು ಪಟ್ಟಿಯೂ ಇದೆ. ಕೆನಡಾದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ನಾಯಿಗಳ ಬುದ್ಧಿವಂತಿಕೆಯ ಬಗ್ಗೆ ಬರೆದ ಪುಸ್ತಕದಲ್ಲಿ ಅದು ಬಂತು. ಅಮೆರಿಕ ಮತ್ತು ಕೆನಡಾದ ವಿಧೇಯತಾ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿದ್ದ 199 ಮಂದಿಯನ್ನು ಕೇಳಿ, ತಳಿಗಳಿಗೆ ಅವರು ಕೊಟ್ಟ ಅಂಕ ಕೂಡಿಸಿ, ರ್‍ಯಾಂಕ್ ಹಚ್ಚಿದರು. ಮೊದಲ ಸಾಲಿನ ವಿದ್ಯಾರ್ಥಿಗಳು ಹೊಸ ಆಜ್ಞೆಯೊಂದನ್ನು ಐದು ಸಲ ಹೇಳಿಕೊಡುವುದರೊಳಗೆ ಹಿಡಿದುಬಿಡುತ್ತವೆ, ನೂರಕ್ಕೆ ತೊಂಬತ್ತೈದು ಸಲ ಒಂದೇ ಮಾತಿಗೆ ಕೇಳುತ್ತವೆ. ಕೊನೆಯ ಬೆಂಚಿನವಕ್ಕೆ ಎಂಬತ್ತು-ನೂರು ಸಲ ಹೇಳಬೇಕು. ಅಷ್ಟಾದ ಮೇಲೂ ಕೇಳುವುದು ನಾಲ್ಕರಲ್ಲಿ ಒಂದು ಸಲ. ಮೊದಲ ರ್‍ಯಾಂಕ್ ಕುರಿ ಕಾಯುವ ಬಾರ್ಡರ್ ಕೋಲಿಗೆ. ಎರಡನೆಯದು ಪೂಡಲ್. ಎಂಟನೆಯದು, ಯಾರೂ ನಿರೀಕ್ಷಿಸದ ಪುಟಾಣಿ ಪ್ಯಾಪಿಲಾನ್. ಹನ್ನೆರಡನೆಯದು ಗಡ್ಡ ಹುಬ್ಬುಗಳನ್ನು ಹೊತ್ತು ನಿವೃತ್ತ ಹೆಡ್‌ಮಾಸ್ತರರ ಗತ್ತಿನಲ್ಲಿ ನಿಲ್ಲುವ ಮಿನಿಯೇಚರ್ ಶ್ನೌಜರ್. ಪೊಮೇರಿಯನ್ ಇಪ್ಪತ್ತಮೂರರಲ್ಲಿದೆ. ಇಂದು ನಮ್ಮ ಯಾವ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ನಿಂತರೂ ಕಾಲಿಗೆ ತೊಡರುವ ಶಿ ತ್ಸು ಎಲ್ಲಿದೆ ಎಂದು ಹುಡುಕಿದೆ. ಎಪ್ಪತ್ತರ ಆಸುಪಾಸಿನಲ್ಲಿ, ಪಟ್ಟಿಯ ತಳದ ಹತ್ತಿರ ಆರಾಮಾಗಿ ಕೂತಿದೆ. ಚೀನಾದ ಅರಮನೆಯಲ್ಲಿ ಮುದ್ದಾಗಿರುವುದೊಂದೇ ಕೆಲಸವಾಗಿದ್ದ ತಳಿ ಅದು. ಆ ಕೆಲಸವನ್ನು ಅದು ಈಗಲೂ ಚಾಚೂ ತಪ್ಪದೆ ಮಾಡುತ್ತಿದೆ, ದೂರುವಂತಿಲ್ಲ.

ಪಟ್ಟಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ಅಳೆದದ್ದು ಹೇಳಿದ ಮಾತು ಕೇಳುವ ಗುಣವನ್ನು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಜಾಣರನ್ನು ಆರಿಸುವುದರಲ್ಲಿ ಎಷ್ಟು ಸತ್ಯವಿದೆಯೋ ಅಷ್ಟು ಇದರಲ್ಲೂ ಇದ್ದೀತು. ಆದರೆ ಪಟ್ಟಿಯ ಹಿಂದೆ ಒಂದು ಕಾರಣಸರಣಿ ಇರುವುದು ಕಾಣುತ್ತದೆ. ಯಾವ ನಾಯಿ ತಲೆತಲಾಂತರದಿಂದ ಮನುಷ್ಯನ ಮುಖ ನೋಡಿಕೊಂಡು, ಅವನ ಕೈಸನ್ನೆಗೆ ಕಾದು ದುಡಿದಿದೆಯೋ ಅದು ಬೇಗ ಕಲಿಯುತ್ತದೆ. ಪೂಡಲನ್ನೇ ನೋಡಿ. ಅದರ ಗೊಂಡೆಗೊಂಡೆ ಕ್ಷೌರ ಕಂಡು ನಗದವರಿಲ್ಲ. ಆದರೆ ಅದು ಮೂಲದಲ್ಲಿ ಬೇಟೆಗಾರ ಹೊಡೆದುರುಳಿಸಿದ ಬಾತುಕೋಳಿಯನ್ನು ತಣ್ಣೀರಿಗೆ ಹಾರಿ ಕಚ್ಚಿ ತರುತ್ತಿದ್ದ ನಾಯಿ. ನೆನೆದ ಉಣ್ಣೆಯ ಭಾರಕ್ಕೆ ಈಜು ಕಷ್ಟವಾಗಬಾರದೆಂದು ಹಿಂಭಾಗ ಬೋಳಿಸಿ, ಎದೆಗೂ ಕೀಲುಗಳಿಗೂ ಚಳಿ ಹೊಡೆಯದಿರಲೆಂದು ಅಲ್ಲಷ್ಟೇ ಕೂದಲು ಬಿಟ್ಟರು. ಮುಂದೆ ಕೆಲಸ ಹೋಯಿತು, ಕ್ಷೌರ ಉಳಿಯಿತು. ದೇಹ ಕುಗ್ಗಿಸುತ್ತ ಕುಗ್ಗಿಸುತ್ತ ಹತ್ತಿಂಚು ಎತ್ತರದ ಟಾಯ್ ಪೂಡಲನ್ನು ಮಾಡಿದರು. ಕೊಳದ ದಂಡೆಯಲ್ಲಿ ಯಜಮಾನನ ಕಣ್ಣು ಎತ್ತ ಹೊರಳೀತೆಂದು ಕಾಯುತ್ತಿದ್ದ ಆ ಗಮನ ಮಾತ್ರ ಕುಗ್ಗಲಿಲ್ಲ.

ಪ್ಯಾಪಿಲಾನ್ ನಮ್ಮಲ್ಲಿ ಅಪರೂಪ. ಚಿಟ್ಟೆ ರೆಕ್ಕೆ ಬಿಚ್ಚಿದಂಥ ಕಿವಿ, ಮೂರ್ನಾಲ್ಕು ಕಿಲೋ ತೂಕ. ಯುರೋಪಿನ ರಾಣಿವಾಸಗಳ ಹಳೆಯ ಚಿತ್ರಪಟಗಳಲ್ಲಿ ಇದರ ಪೂರ್ವಿಕರು ಯಾರದಾದರೂ ತೊಡೆಯ ಮೇಲೆ ಇದ್ದೇ ಇರುತ್ತಾರೆ. ಶತಮಾನಗಳ ಕಾಲ ಮನುಷ್ಯರ ಮುಖವನ್ನು ಒಂದಡಿ ದೂರದಿಂದ ನೋಡುತ್ತ ಕೂತದ್ದಕ್ಕೆ ಸಿಕ್ಕ ಪದವಿ ಆ ಎಂಟನೆಯ ರ್‍ಯಾಂಕ್ ಇರಬೇಕು.

ನಮ್ಮವರಿಗೆ ಚಿಕ್ಕ ನಾಯಿಯೆಂದರೆ ಪೊಮೇರಿಯನ್ನೇ. ಆದರೆ ಎಂಬತ್ತು-ತೊಂಬತ್ತರ ದಶಕದಲ್ಲಿ ಮೈಸೂರಿನ ಸರಸ್ವತೀಪುರಂ, ಬೆಂಗಳೂರಿನ ಜಯನಗರದ ಗೇಟುಗಳ ಸಂದಿಯಿಂದ ಮೂತಿ ತೂರಿಸಿ ಬೊಗಳುತ್ತಿದ್ದ ಬಿಳಿ ಜೀವಗಳಲ್ಲಿ ಬಹುಪಾಲು ಪೊಮೇರಿಯನ್ ಆಗಿರಲಿಲ್ಲ, ಅದರ ದೂರದ ದಾಯಾದಿಯಾದ ಇಂಡಿಯನ್ ಸ್ಪಿಟ್ಜ್ ಆಗಿದ್ದವು. ಬ್ರಿಟಿಷರ ಕಾಲದಲ್ಲಿ ಬಂದ ಯುರೋಪಿನ ಸ್ಪಿಟ್ಜ್ ನಾಯಿಗಳಿಂದ ಇಲ್ಲಿ ಬೆಳೆದು, ಇಲ್ಲಿನ ಸೆಕೆಗೂ ಮೊಸರನ್ನಕ್ಕೂ ಒಗ್ಗಿಕೊಂಡ ತಳಿ ಅದು. ಅಸಲಿ ಪೊಮೇರಿಯನ್ ಕೂಡ ಹಿಂದೆ ಇಷ್ಟು ಚಿಕ್ಕದಿರಲಿಲ್ಲವಂತೆ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸಿಗೆ ಹೋದಾಗ ಪುಟ್ಟ ಗಾತ್ರದವನ್ನು ಕಂಡು ಮನಸೋತು ತಂದಳು. ರಾಣಿಗೆ ಪುಟ್ಟದು ಪ್ರಿಯವೆಂದ ಮೇಲೆ ಪ್ರಜೆಗಳಿಗೆ ದೊಡ್ಡದು ಹಿಡಿಸೀತೇ? ತಳಿಯೇ ಕುಗ್ಗುತ್ತ ಬಂತು. 1901ರಲ್ಲಿ ಆಕೆ ಕೊನೆಯುಸಿರೆಳೆಯುವಾಗ ಹಾಸಿಗೆಯ ಮೇಲಿದ್ದದ್ದೂ ಟೂರಿ ಎಂಬ ಪೊಮೇರಿಯನ್ನೇ.

ನಮ್ಮ ದೇಶದ ಸ್ಪಿಟ್ಜ್‌ಗೆ ರಾಣಿಯ ಬೆಂಬಲ ಬೇಕಾಗಲಿಲ್ಲ, ಸಿನಿಮಾ ಸಾಕಾಯಿತು. ಕೋರೆನ್ ಪಟ್ಟಿ ಬಂದ ಅದೇ 1994ರಲ್ಲಿ 'ಹಮ್ ಆಪ್ಕೆ ಹೈ ಕೌನ್' ಬಂತು. ಅದರಲ್ಲಿ ಟಫಿ ಎಂಬ ಬಿಳಿ ನಾಯಿ. ಕ್ರಿಕೆಟ್ಟಿಗೆ ಅಂಪೈರ್ ಆಗಿ ನಿಂತು ನಮ್ಮನ್ನೆಲ್ಲ ನಗಿಸಿತ್ತು. ಕಡೆಗೆ ನಾಯಕಿ 'ಪ್ರೇಮ್‌ಗೆ ಕೊಡು' ಎಂದು ಕೊಟ್ಟು ಕಳಿಸಿದ್ದನ್ನು ಒಯ್ದು ನಾಯಕ ಪ್ರೇಮನ ಅಣ್ಣನ ಮುಂದೆ ಇಟ್ಟುಬಿಡುತ್ತದೆ. ಹಾಗಾಗಿಯೇ ಕಥೆ ಸುಖಾಂತ್ಯ. ಕೋರೆನ್ನರ ತೀರ್ಪುಗಾರರು ನೋಡಿದ್ದರೆ ಟಫಿಗೆ ಸೊನ್ನೆ ಹಾಕುತ್ತಿದ್ದರು. ಹೇಳಿದ ಮಾತು ಮೀರುವ ನಾಯಿಯ ಪಾತ್ರವನ್ನು ಹೇಳಿದಂತೆ ಮಾಡಿ ತೋರಿಸುವುದಕ್ಕೆ ಆ ನಾಯಿ ಎಷ್ಟು ಕಲಿತಿರಬೇಕು ಎಂಬುದನ್ನೂ ಯೋಚಿಸಿ.

ನಾಯಿ ಬಾಲ ಡೊಂಕು ಎಂಬ ಗಾದೆ ಕಟ್ಟಿದವರು ನಾಯಿಗೆ ಏನನ್ನೂ ಕಲಿಸಲಾಗದೆಂದು ಮೊದಲೇ ಕೈಚೆಲ್ಲಿದ್ದಾರೆ. ಈ ಸ್ಪಿಟ್ಜ್ ಕುಲದಲ್ಲಿ ಬಾಲ ಬೆನ್ನ ಮೇಲೆ ಮಡಿಸಿಕೊಂಡೇ ಇರಬೇಕು. ನೇರವಿದ್ದರೆ ಶ್ವಾನ ಪ್ರದರ್ಶನದಲ್ಲಿ ಅಂಕ ಕಳೆಯುತ್ತಾರೆ. ಡೊಂಕು ನೆಟ್ಟಗೆ ಮಾಡುವುದೇ ಶಿಕ್ಷಣವೆಂದುಕೊಂಡವರು ಇದನ್ನು ಗಮನಿಸಬಹುದು.

ಮೈಸೂರಿನ ನನ್ನ ಸೋದರತ್ತೆಯ ಮನೆಯಲ್ಲಿ ಇಂಥದ್ದೊಂದು ಇತ್ತು, ಪಿಂಕಿ. 'ನಮ್ ಪಿಂಕಿಗೆ ಎಲ್ಲಾ ಅರ್ಥ ಆಗತ್ತೆ ಕಣೇ, ಮಾತಾಡಕ್ಕೆ ಮಾತ್ರ ಬರಲ್ಲ' ಎನ್ನುತ್ತಿದ್ದರು ಅತ್ತೆ. ನಿಜವೇ. ದೇವರಮನೆಯ ಗಂಟೆ ಕೇಳಿದರೆ ಹೊಸಿಲಾಚೆ ಬಂದು ಕೂರುತ್ತಿತ್ತು, ಏಕೆಂದರೆ ಮಂಗಳಾರತಿಯ ಬೆನ್ನಿಗೆ ನೈವೇದ್ಯದ ಬಾಳೆಹಣ್ಣಿನ ಚೂರು ಬರುತ್ತಿತ್ತು. ಹಾಲಿನವನ ಸೈಕಲ್ ಬೇರೆ, ಪೋಸ್ಟ್‌ಮ್ಯಾನ್ ಸೈಕಲ್ ಬೇರೆ ಎಂದು ಬೀದಿಯ ತಿರುವಿನಲ್ಲೇ ತಿಳಿಯುತ್ತಿತ್ತು. ಕಲಿಯದೆ ಉಳಿದದ್ದು ಒಂದೇ, ಬೊಗಳುವುದನ್ನು ನಿಲ್ಲಿಸುವುದು. ಕರೆಗಂಟೆ ಸದ್ದಾಯಿತೋ, ಮುಗಿಯಿತು. ಬಂದವರು ಮಾತಾಡಲಾಗದೆ ಬಾಗಿಲಲ್ಲೇ ನಿಲ್ಲಬೇಕು. ಅತ್ತೆ ಡಬ್ಬಿಯಿಂದ ಅರ್ಧ ಗ್ಲೂಕೋಸ್ ಬಿಸ್ಕತ್ತು ತೆಗೆದು, 'ಅಯ್ಯೋ ನನ್ ಬಂಗಾರಿ, ಹಂಗೆಲ್ಲ ಬೊಗಳಬಾರದು ಕಣಮ್ಮಾ' ಎಂದು ಬಾಯಿಗಿಡುತ್ತಿದ್ದರು. ಪಿಂಕಿ ತಿಂದು ಮುಗಿಸಿ, ಮುಂದಿನ ಅತಿಥಿಗಾಗಿ ಗೇಟಿನ ಕಡೆ ನೋಡುತ್ತ ಕೂರುತ್ತಿತ್ತು.

ಪಾಠ ಎಷ್ಟು ಚೊಕ್ಕವಾಗಿ ನಡೆದಿದೆ ನೋಡಿ. ಗಂಟೆ, ಬೊಗಳು, ಬಿಸ್ಕತ್ತು. ಯಾವ ಶಾಲೆಯಲ್ಲೂ ಇಷ್ಟು ಕ್ರಮಬದ್ಧವಾಗಿ ಕಲಿಸಲಾರರು. ಅತ್ತೆಗೆ ತಾವು ಗದರಿಸುತ್ತಿದ್ದೇವೆ ಎಂಬ ಭಾವನೆ. ಪಿಂಕಿಗೆ ಬಹುಮಾನ ವಿತರಣೆ. ಪದಗಳಲ್ಲಿ ಗದರಿಕೆ ಇತ್ತು, ಸರಿ. ದನಿಯಲ್ಲಿ ಇದ್ದದ್ದು ಜೋಗುಳ. ಹಂಗೇರಿಯ ಬುಡಾಪೆಸ್ಟಿನ ಸಂಶೋಧಕರು ಎಚ್ಚರವಿರುವ ನಾಯಿಗಳನ್ನು ಸ್ಕ್ಯಾನರಿನೊಳಗೆ ಅಲ್ಲಾಡದೆ ಮಲಗಲು ಕಲಿಸಿ, ಅವುಗಳ ಮಿದುಳು ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತದೆಂದು ನೋಡಿ 2016ರಲ್ಲಿ ಪ್ರಕಟಿಸಿದರು. ಪದವನ್ನು ಒಂದು ಕಡೆ, ದನಿಯ ಏರಿಳಿತವನ್ನು ಇನ್ನೊಂದು ಕಡೆ ಅವು ಬೇರೆಬೇರೆಯಾಗಿ ಹಿಡಿಯುತ್ತವಂತೆ. ಹೊಗಳಿಕೆಯ ಪದವೂ ಹೊಗಳಿಕೆಯ ದನಿಯೂ ಒಟ್ಟಿಗೆ ಬಂದಾಗಲಷ್ಟೇ ಖುಷಿಯ ಭಾಗ ಅರಳುತ್ತದಂತೆ. ಅತ್ತೆಯ ಆ ವಾಕ್ಯದಲ್ಲಿ 'ಬಂಗಾರಿ'ಯೂ ಇತ್ತು, ರಾಗವೂ ಇತ್ತು, ಕೊನೆಗೆ ಬಿಸ್ಕತ್ತೂ ಇತ್ತು. 'ಬೊಗಳಬಾರದು' ಎಂಬ ಒಂದು ಪದ ಆ ಸಂತೆಯಲ್ಲಿ ಕಳೆದುಹೋದರೆ ತಪ್ಪು ಯಾರದು? ನಮ್ಮ ಹಿರಿಯರ ಗ್ರಾಮಾಫೋನ್ ತಟ್ಟೆಗಳ ಮೇಲಿನ ಚಿತ್ರದಲ್ಲಿ ಕೊಳವೆಗೆ ಕಿವಿಯೊಡ್ಡಿ ಕೂತಿದ್ದ ನಿಪ್ಪರ್ ಎಂಬ ಪುಟ್ಟ ಟೆರಿಯರ್ ಕೂಡ ಕೇಳುತ್ತಿದ್ದದ್ದು ಒಡೆಯನ ದನಿಯನ್ನೇ. ಒಡೆಯ ಏನು ಹೇಳುತ್ತಿದ್ದ ಎಂಬುದು ಆ ಚಿತ್ರ ಬರೆದವನಿಗೂ ಮುಖ್ಯವಾಗಿರಲಿಲ್ಲ.

ಇದು ಅತ್ತೆಯೊಬ್ಬರ ಕಥೆಯಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1,276 ನಾಯಿ ಯಜಮಾನರಿಗೆ ಪ್ರಶ್ನಾವಳಿ ಕೊಟ್ಟು 2010ರಲ್ಲಿ ಬರೆದ ಅಧ್ಯಯನವೊಂದಿದೆ. ಚಿಕ್ಕ ನಾಯಿಗಳು ದೊಡ್ಡವಕ್ಕಿಂತ ಮಾತು ಕೇಳುವುದು ಕಡಿಮೆ, ರೇಗುವುದು ಹೆಚ್ಚು, ಅಂಜುವುದೂ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಅದರ ಜೊತೆಗೇ ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ರುಚಿಸಿತು: ಚಿಕ್ಕ ನಾಯಿಗಳ ಯಜಮಾನರು ಒಂದು ದಿನ ಬೇಡವೆಂದದ್ದನ್ನು ಮರುದಿನ ಬಿಡುವವರು, ನಾಯಿಯ ಜೊತೆ ಆಟಕ್ಕೂ ಪಾಠಕ್ಕೂ ಕಡಿಮೆ ಇಳಿಯುವವರು. ಸಹಜವೇ ಅಲ್ಲವೇ? ಮೂವತ್ತು ಕಿಲೋದ ಲ್ಯಾಬ್ರಡಾರ್ ಬಂದವರ ಎದೆಗೆ ಹಾರಿದರೆ ಮನೆಯಲ್ಲಿ ಪಂಚಾಯಿತಿ ಸೇರುತ್ತದೆ, ಟ್ರೇನರ್ ಬರುತ್ತಾನೆ. ಮೂರು ಕಿಲೋದ್ದು ಅದನ್ನೇ ಮಾಡಿದರೆ ಮೊಬೈಲ್ ತೆಗೆದು ವಿಡಿಯೋ ಮಾಡುತ್ತೇವೆ. ದೊಡ್ಡದರ ಗುರ್ರ್ ಎಚ್ಚರಿಕೆ, ಚಿಕ್ಕದರ ಗುರ್ರ್ ಮುದ್ದು. ತನ್ನ ಗುರ್ರಿಗೆ ಬೆಲೆಯೇ ಇಲ್ಲವೆಂದು ತಿಳಿದ ಮೇಲೆ ಅದು ಹಲ್ಲಿಗೆ ಕೆಲಸ ಕೊಡುತ್ತದೆ. ಆಗ 'ಚಿಕ್ಕ ನಾಯಿಗಳೇ ಹೀಗೆ, ಮುಂಗೋಪ' ಎಂದು ತಳಿಗೆ ಹೆಸರಿಡುತ್ತೇವೆ.

ಸರಿಯಾಗಿ ಕಲಿಸುವವರು ಇಲ್ಲವೆಂದಲ್ಲ. ನನ್ನ ಅಣ್ಣನ ಮಗಳು ಕಂದು ಬಣ್ಣದ ಟಾಯ್ ಪೂಡಲ್ ಒಂದನ್ನು ತಂದು ಬೋಂಡ ಎಂದು ಹೆಸರಿಟ್ಟಿದ್ದಾಳೆ. ಅವಳು 'ಸಿಟ್' ಕಲಿಸುವುದನ್ನು ನೋಡುವುದೇ ಒಂದು ಕಛೇರಿ. ಮೊದಲು ಅವಳು ತಾನು ನೆಲದ ಮೇಲೆ ಕೂರುತ್ತಾಳೆ, ಚಕ್ಕಳಮಕ್ಕಳ. ಬೋಂಡನ ಲೆಕ್ಕದಲ್ಲಿ ನಿಂತ ಮನುಷ್ಯರೆಂದರೆ ಎರಡು ಕಂಬಗಳು ಮತ್ತು ಬಹಳ ಮೇಲೆಲ್ಲೋ ಒಂದು ಮುಖ. ಬೇಯಿಸಿದ ಕೋಳಿಯ ಚೂರು, ಹೆಸರುಕಾಳಿನಷ್ಟೇ ಗಾತ್ರದ್ದು, ಹೆಬ್ಬೆರಳು ತೋರುಬೆರಳ ನಡುವೆ. ಅದನ್ನು ಮೂಗಿನ ತುದಿಗೆ ತಾಗಿಸಿ, ನೆತ್ತಿಯ ಮೇಲಿನಿಂದ ಹಿಂದಕ್ಕೆ ನಿಧಾನವಾಗಿ ಸರಿಸುತ್ತಾಳೆ. ಮೂಗು ಕೈಯ ಹಿಂದೆ ಮೇಲೇಳುತ್ತದೆ, ಕತ್ತು ಹಿಂದಕ್ಕೆ ಬಾಗುತ್ತದೆ, ತೂಕ ತಪ್ಪಬಾರದೆಂದು ಅಂಡು ತಾನಾಗಿಯೇ ನೆಲಕ್ಕೆ ಕೂರುತ್ತದೆ. ಕೈ ಎರಡಂಗುಲ ಹೆಚ್ಚು ಮೇಲೆ ಹೋಯಿತೋ, ಕೂರುವ ಬದಲು ಹಿಂಗಾಲ ಮೇಲೆ ಎದ್ದು ಕುಣಿಯುತ್ತದೆ. ಮನೆಯವರೆಲ್ಲ ಚಪ್ಪಾಳೆ ಹೊಡೆದರೆ ಅವತ್ತಿನಿಂದ ಅದಕ್ಕೆ 'ಸಿಟ್' ಎಂದರೆ ಕುಣಿ. ಚಿಕ್ಕ ನಾಯಿಗೆ ಕಲಿಸುವ ಕಷ್ಟವೆಲ್ಲ ಆ ಎರಡಂಗುಲದಲ್ಲಿದೆ.

ಅಂಡು ನೆಲ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಅವಳ ಎಡಗೈಯಲ್ಲಿನ ಪುಟ್ಟ ಡಬ್ಬಿ 'ಟಕ್' ಎನ್ನುತ್ತದೆ. ಅದಕ್ಕೆ ಕ್ಲಿಕ್ಕರ್ ಎನ್ನುತ್ತಾರೆ. ಆ ಉಪಾಯ ನಾಯಿಗಿಂತ ಮೊದಲು ಡಾಲ್ಫಿನ್‌ಗಳಲ್ಲಿ ಹೆಸರು ಮಾಡಿತು. ಕರೆನ್ ಪ್ರಯರ್ ಎಂಬಾಕೆ ಅರವತ್ತರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಆಟ ಕಲಿಸುತ್ತಿದ್ದರು. ಡಾಲ್ಫಿನ್‌ಗೆ ಕೊರಳಪಟ್ಟಿ ಹಾಕಿ ಎಳೆಯಲಾಗದು, ಗದರಿದರೆ ಈಜಿಕೊಂಡು ಹೋಗಿಬಿಡುತ್ತದೆ. ಸರಿಯಾಗಿ ನೆಗೆದ ಕ್ಷಣಕ್ಕೆ ಸೀಟಿ, ಆಮೇಲೆ ಮೀನು, ಇಷ್ಟೇ ದಾರಿ. ಅವರು 1984ರಲ್ಲಿ ಇದನ್ನೆಲ್ಲ ಬರೆದ ಪುಸ್ತಕ ನಾಯಿಗಳ ಪ್ರಪಂಚವನ್ನೇ ಬದಲಿಸಿತು. ಅದೇ ವಿದ್ಯೆಯನ್ನು ಗಂಡ, ಮಕ್ಕಳು, ಸಹೋದ್ಯೋಗಿಗಳ ಮೇಲೂ ಪ್ರಯೋಗಿಸಬಹುದೆಂದು ಅವರೇ ಹೇಳಿದ್ದಾರೆ. ಅಣ್ಣನ ಮಗಳು ಅದನ್ನು ಓದಿದ್ದಾಳೆ. ಈಚೆಗೆ ಅವಳ ಗಂಡ ಕಾಫಿ ಲೋಟವನ್ನು ತಾನೇ ಸಿಂಕಿಗೆ ಹಾಕುತ್ತಿರುವುದರ ಹಿನ್ನೆಲೆಯನ್ನು ನಾನು ಕೆದಕಲಿಲ್ಲ.

ತಿನಿಸಿನ ವಿಷಯದಲ್ಲಿ ಅವಳು ಜುಗ್ಗಿ, ಅದು ಒಳ್ಳೆಯದು. ಮೂರು ಕಿಲೋ ದೇಹಕ್ಕೆ ಅರ್ಧ ಬಿಸ್ಕತ್ತು ಎಂದರೆ ಒಂದು ಫಲಾಹಾರವೇ. ಹಬ್ಬದ ದಿನ ಬೋಂಡನನ್ನು ಕೋಣೆಗೆ ಸೇರಿಸುತ್ತಾಳೆ, ಯಾರಾದರೂ ಅಕ್ಕರೆಯಿಂದ ಪಾಯಸದ ದ್ರಾಕ್ಷಿ ಆಯ್ದು ಹಾಕಿಯಾರೆಂದು. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ದೇಹ ಚಿಕ್ಕದಾದಷ್ಟೂ ಸ್ವಲ್ಪವೇ ಸಾಕು. ಈರುಳ್ಳಿ, ಚಾಕೊಲೇಟೂ ಅದೇ ಸಾಲಿನವು. ಕೊರಳಪಟ್ಟಿಗೆ ಸರಪಳಿ ಕಟ್ಟಿ ಜಗ್ಗುವುದನ್ನೂ ಅವಳು ಒಪ್ಪುವುದಿಲ್ಲ. ಪುಟ್ಟ ತಳಿಗಳ ಶ್ವಾಸನಾಳ ಮೆತ್ತಗೆ, ಜಗ್ಗಿದರೆ ಕುಸಿಯುವ ಭಯ. ಎದೆಯ ಸುತ್ತ ಹಾಕುವ ಹಾರ್ನೆಸ್ಸೇ ಸರಿ.

ಸೋಫಾದಡಿಗೆ ಹೋದ ಟಿವಿ ರಿಮೋಟನ್ನು ಬೋಂಡ ಎಳೆದು ತರುವುದನ್ನು ಕಂಡಾಗ ನನಗೆ ಸ್ಮೋಕಿಯ ನೆನಪು. ಯಾರ್ಕ್‌ಶೈರ್ ಟೆರಿಯರ್, ತೂಕ ಎರಡು ಕಿಲೋಗೂ ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ನ್ಯೂಗಿನಿಯ ಕಾಡಿನ ಗುಂಡಿಯೊಂದರಲ್ಲಿ ಸಿಕ್ಕಿದ್ದು. ಬಿಲ್ ವಿನ್ ಎಂಬ ಅಮೆರಿಕನ್ ಸೈನಿಕ ಎರಡು ಆಸ್ಟ್ರೇಲಿಯನ್ ಪೌಂಡಿಗೆ ಕೊಂಡುಕೊಂಡ. ಬೇಸರ ಕಳೆಯಲು ಅದಕ್ಕೆ ಆಟಗಳನ್ನು ಕಲಿಸಿದ. ಆಸ್ಪತ್ರೆಯ ಗಾಯಾಳುಗಳ ಮುಂದೆ ಅದು ಅವನ್ನು ಆಡಿ ತೋರಿಸುತ್ತಿದ್ದದ್ದೂ ಉಂಟು. ಮುಂದೆ ಫಿಲಿಪೈನ್ಸಿನ ಲುಜಾನ್ ದ್ವೀಪದಲ್ಲಿ ವಿಮಾನದ ಓಡುದಾರಿಯ ಅಡಿಯಿಂದ ದೂರವಾಣಿ ತಂತಿ ಎಳೆಯಬೇಕಾಯಿತು. ಇದ್ದದ್ದು ಎಪ್ಪತ್ತಡಿ ಉದ್ದ, ಎಂಟಿಂಚು ಅಗಲದ ಕೊಳವೆ. ಒಳಗೆ ಅಲ್ಲಲ್ಲಿ ಮಣ್ಣು ಬೇರೆ ಸೋರಿತ್ತು. ಅಗೆದರೆ ಮೂರು ದಿನದ ಕೆಲಸ, ಅಷ್ಟು ದಿನ ಆಳುಗಳೂ ವಿಮಾನಗಳೂ ಶತ್ರುವಿನ ಬಾಂಬಿಗೆ ತೆರೆದಿರಬೇಕು. ಸ್ಮೋಕಿಯ ಪಟ್ಟಿಗೆ ದಾರ ಕಟ್ಟಿ, ವಿನ್ ಆ ಕೊನೆಗೆ ಹೋಗಿ ಬಗ್ಗಿ ಕೂಗಿದ. ಅದು ಅರ್ಧಕ್ಕೆ ನಿಂತಿತು, ತಿರುಗಿ ನೋಡಿತು, ದನಿ ಕೇಳಿ ಮತ್ತೆ ಬಂತು. ಕೊಳವೆಯೊಳಗೆ ಎರಡು ಕಣ್ಣುಗಳು ಕಂಡ ಮೇಲೆ ಅವನಿಗೆ ಜೀವ ಬಂತು. ಸೈನ್ಯ ಸಾಕಿ ತರಬೇತಿ ಕೊಟ್ಟ ದೊಡ್ಡ ದೊಡ್ಡ ನಾಯಿಗಳಲ್ಲಿ ಒಂದೂ ಆ ಕೊಳವೆಗೆ ತಲೆ ತೂರಿಸಲಾರದಿತ್ತು. ಸ್ಮೋಕಿಗೆ ಯುದ್ಧಶಾಸ್ತ್ರ ಯಾರೂ ಕಲಿಸಿರಲಿಲ್ಲ. ಕರೆದರೆ ಬಾ ಎಂಬುದನ್ನು ಮಾತ್ರ ಕಲಿಸಿದ್ದರು.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕೇಳಿದರೆ, ಆ ಪಟ್ಟಿಯ ನಡುಮಧ್ಯದಲ್ಲಿ ಎಲ್ಲೋ ಸಿಕ್ಕಿಕೊಂಡಿರುವ ಡ್ಯಾಷ್‌ಹುಂಡ್ ಮೇಲೆಯೇ ನನಗೆ ಕಣ್ಣು. ನಮ್ಮವರು ಪ್ರೀತಿಯಿಂದ ಡ್ಯಾಶ್ ಎನ್ನುವ, ಉದ್ದ ಮೈಯ ಗಿಡ್ಡ ಕಾಲಿನ ಜೀವ. ಜರ್ಮನಿಯಲ್ಲಿ ಬ್ಯಾಜರ್ ಎಂಬ, ತನ್ನಷ್ಟೇ ಜಗಳಗಂಟ ಪ್ರಾಣಿಯ ಬಿಲಕ್ಕಿಳಿದು ಕಾದಾಡಲೆಂದು ಬೆಳೆಸಿದ್ದು. ನೆಲದಡಿಯ ಕತ್ತಲೆಯಲ್ಲಿ ಯಜಮಾನನ ಕೈಸನ್ನೆ ಕಾಣುವುದಿಲ್ಲ, ಅವನ ಸಲಹೆಗೆ ಅಲ್ಲಿ ಬೆಲೆಯೂ ಇಲ್ಲ. ಮುನ್ನುಗ್ಗಲೋ ಹಿಂದೆ ಸರಿಯಲೋ ತಾನೇ ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸಿ ಬದುಕಿ ಬಂದವುಗಳ ಸಂತತಿಗೆ ನಾವು ಡ್ರಾಯಿಂಗ್ ರೂಮಿನಲ್ಲಿ 'ಶೇಕ್‌ಹ್ಯಾಂಡ್' ಎಂದರೆ ಅದು ಒಮ್ಮೆ ಯೋಚಿಸಿ ನೋಡದೆ ಹೇಗೆ ಕೊಟ್ಟೀತು?

ಕಬ್ಬನ್ ಪಾರ್ಕಿನ ನಾಯಿಗಳ ಆವರಣಕ್ಕೆ ಭಾನುವಾರ ಬೆಳಿಗ್ಗೆ ಹೋದರೆ ಇಡೀ ಪಟ್ಟಿ ಓಡಾಡುವುದನ್ನು ನೋಡಬಹುದು. ಪೂಡಲ್‌ಗಳು ಚೆಂಡು ತರುತ್ತಿರುತ್ತವೆ, ಶಿ ತ್ಸುಗಳನ್ನು ಎತ್ತಿಕೊಂಡಿರುತ್ತಾರೆ. ಹೋದ ಸಲ ಒಂದು ಕಂದು ಡ್ಯಾಶ್ ಬೇಲಿಯ ಬುಡದಲ್ಲಿ ಹೆಗ್ಗಣದ ಬಿಲ ಕಂಡುಹಿಡಿದು ತೋಡುತ್ತಿತ್ತು, ಮಣ್ಣು ಹಿಂದಕ್ಕೆ ಚಿಮ್ಮುತ್ತಿತ್ತು. ಅದರ ಯಜಮಾನರು, ಅರವತ್ತು ದಾಟಿದವರು, ಮೊದಲು ಇಂಗ್ಲಿಷಿನಲ್ಲಿ ಕರೆದರು, ಆಮೇಲೆ ಕನ್ನಡದಲ್ಲಿ, ಆಮೇಲೆ ಬಿಸ್ಕತ್ತಿನ ಪೊಟ್ಟಣ ಸರಸರ ಅನ್ನಿಸಿದರು. ಸುತ್ತ ಇದ್ದ ಅಷ್ಟೂ ಪೂಡಲ್‌ಗಳು ಬಂದು ಸಾಲಾಗಿ ಕೂತವು. 'ನಾನು ಎತ್ತಿಕೊಂಡು ಬರಲಾ ಸಾರ್?' ಎಂದು ಕೇಳಿದೆ. ಅವರು ಕಟ್ಟೆಯ ಮೇಲೆ ಕೂತು, ತಮ್ಮದಲ್ಲದ ಆ ಶಿಷ್ಯವೃಂದಕ್ಕೆ ಬಿಸ್ಕತ್ತು ಮುರಿಯುತ್ತ, 'ಬೇಡಮ್ಮ, ಅದು ಡ್ಯೂಟಿ ಮೇಲಿದೆ' ಎಂದರು.